ಚಿನ್ನದ ಗಣಿಗೆ ಹೋದವರು, ಕರಿನೀರನ್ನು ದಾಟಿದವರು

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಹಿರಿಯರಿಗೆ ಎಡೆ ಇಡದ ಮನೆಗಳು ವಿರಳ. ಸಾರಿಸಿ ಶುದ್ಧಮಾಡಿದ ನಡುಮನೆಯಲ್ಲಿ ಕಲಶವನ್ನಿಟ್ಟು, ಹೊಸ ಬಟ್ಟೆಯನ್ನು ಮಡಿಸಿಟ್ಟು, ತೀರಿಹೋದವರಿಗೆ ಪ್ರಿಯವಾಗಿದ್ದ ಅಡಿಗೆಯನ್ನು ಬಾಳೆಯೆಲೆಯ ಮೇಲೆ ಬಡಿಸಿ, ಮನೆಯ ಯಜಮಾನನು ಒಬ್ಬೊಬ್ಬರ ಹೆಸರನ್ನೂ ಹೇಳಿ ಧೂಪ ಹಾಕುವನು. ನಮ್ಮ ಮನೆಯಲ್ಲಿ ಈ ಹೆಸರುಗಳೆಲ್ಲ ಮುಗಿದ ಮೇಲೆ ಅಜ್ಜಿಯವರು ಇನ್ನೊಂದು ಎಲೆಯನ್ನು ಹಾಕಿಸುತ್ತಿದ್ದರು. “ಇದು ಯಾರಿಗೆ, ಅಜ್ಜಿ?” ಎಂದು ಹುಡುಗರಾದ ನಾವು ಕೇಳಿದರೆ, “ಚಿನ್ನದ ಗಣಿಗೆ ಹೋದವರಿಗೆ ಕಣಪ್ಪಾ” ಎಂದಷ್ಟೇ ಹೇಳಿ ಸುಮ್ಮನಾಗುವರು. ಹೋದವರ ಹೆಸರೇನು, ಅಲ್ಲಿ ಅವರು ಏನಾದರು, ಏಕೆ ಹಿಂದಿರುಗಲಿಲ್ಲ, ಈ ಒಂದು ಮಾತೂ ಅವರ ಬಾಯಿಂದ ಹೊರಡುತ್ತಿರಲಿಲ್ಲ. ನೆರೆಯ ಮನೆಯೊಂದರಲ್ಲಿಯೂ ಇಂತಹ ಎಲೆ ಬೀಳುತ್ತಿತ್ತು, ಅದು “ನೀರು ದಾಟಿದವರಿಗೆ.” ಆ ಮಾತನ್ನು ಅವರು ತಗ್ಗಿದ ಧ್ವನಿಯಲ್ಲಿಯೇ ಹೇಳುತ್ತಿದ್ದರು.

ಹೆಸರಿಲ್ಲದ ಈ ಎರಡು ಎಲೆಗಳು ಬಹಳ ಕಾಲ ನನ್ನ ಮನಸ್ಸನ್ನು ಬಿಡಲಿಲ್ಲ. ಅನ್ನವನ್ನು ಕೊಡುತ್ತೇವೆ, ಹೆಸರನ್ನು ಮಾತ್ರ ಕೊಡಲಾರೆವು, ಇದೆಂತಹ ಋಣ? ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ತಿಳಿದುಬಂದ ಕೆಲವು ಸಂಗತಿಗಳನ್ನು, ಇಂತಹದೇ ಎಲೆ ಬೀಳುವ ಮನೆಗಳ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಪರದೇಶದ ಒಂದು ಉದಾಹರಣೆ

ಹತ್ತೊಂಬತ್ತನೆಯ ಶತಮಾನವು ಚಿನ್ನದ ಹುಚ್ಚಿನ ಶತಮಾನ. 1848ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆಯಿತು. 1851ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ. 1861ರಲ್ಲಿ ನ್ಯೂಜಿಲೆಂಡಿನ ಒಟಾಗೋ ಸೀಮೆಯಲ್ಲಿ. ಹೊಲಮನೆಗಳನ್ನು ಬಿಟ್ಟು ಜನರು ಹಡಗು ಹತ್ತಿದರು. ಅದೇ ಆಸ್ಟ್ರೇಲಿಯಕ್ಕೆ 1788ರಿಂದ 1868ರವರೆಗೆ ಬ್ರಿಟಿಷ್ ಸರ್ಕಾರದವರು ಸುಮಾರು 1,62,000 ಮಂದಿ ಖೈದಿಗಳನ್ನು ಸಾಗಿಸಿದ್ದರು. ಅಲ್ಲಿನ ಕುಟುಂಬಗಳು ತಮ್ಮ ಮೂಲಪುರುಷನು ಖೈದಿಯಾಗಿದ್ದನೆಂಬುದನ್ನು ತಲೆತಲಾಂತರದಿಂದ ಮುಚ್ಚಿಡುತ್ತ ಬಂದವು. ಈಗಲಾದರೋ ಕಾಲ ತಿರುಗಿದೆ. ಮೊಮ್ಮಕ್ಕಳ ಮಕ್ಕಳು ಹಡಗಿನ ಪಟ್ಟಿಗಳನ್ನು ಹುಡುಕಿ, ತಮ್ಮವನು ಯಾವ ಅಪರಾಧಕ್ಕೆ ಬಂದನು, ಎಷ್ಟು ಎತ್ತರವಿದ್ದನು, ಯಾವ ಕೆಲಸ ಬಲ್ಲವನಾಗಿದ್ದನು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ. ಆ ಖೈದಿಗಳ ದಫ್ತರುಗಳನ್ನು 2007ರಲ್ಲಿ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋ ‘ಜಗತ್ತಿನ ಸ್ಮೃತಿ’ ಎಂಬ ತನ್ನ ಪಟ್ಟಿಯಲ್ಲಿ ಸೇರಿಸಿತು.

ನಮ್ಮ ನಾಡಿನಿಂದಲೂ ಅದೇ ಕಾಲದಲ್ಲಿ, ಅದೇ ಸರ್ಕಾರದ ಆಳ್ವಿಕೆಯಲ್ಲಿ, ಜನರು ಚಿನ್ನಕ್ಕಾಗಿ ನೆಲದ ಕೆಳಗೂ ಶಿಕ್ಷೆಗಾಗಿ ಕಡಲಿನಾಚೆಗೂ ಹೋದರು. ಅವರನ್ನು ಹುಡುಕಿದವರು ಮಾತ್ರ ಅತಿ ಸ್ವಲ್ಪ.

ಚಿನ್ನದ ಕತೆ

1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟೆನೆಂಟನು ಮೈಸೂರು ಸಂಸ್ಥಾನದ ಎಲ್ಲೆಯನ್ನು ಅಳೆಯುತ್ತ ಕೋಲಾರದ ಪೂರ್ವಕ್ಕೆ ಬಂದಾಗ, ಅಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಅವನ ಕಿವಿಗೆ ಬಿತ್ತು. ಊರವರು ಅವನ ಎದುರಿನಲ್ಲಿಯೇ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಬಳಿ ನಮ್ಮವರೇ ತೋಡಿದ ಗಣಿಗಳು ಆಗಲೇ ಇದ್ದವು. ವಾರನ್ನನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಮಣ್ಣು ತೊಳೆದು ತೋರಿಸಿದವರ ಹೆಸರು ಉಳಿಯಲಿಲ್ಲ.

ಅವನ ಬರಹವನ್ನು ಓದಿ 1871ರಲ್ಲಿ ಕೋಲಾರಕ್ಕೆ ಎತ್ತಿನ ಗಾಡಿಯಲ್ಲಿ ಹೊರಟವನು ಮೈಕೇಲ್ ಲವೆಲ್ ಎಂಬ ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆಮಾಡಿ, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲಸಿದ್ದ ಇವನಿಗೆ 1875ರಲ್ಲಿ ಗಣಿ ತೋಡುವ ಹಕ್ಕು ದೊರೆಯಿತು. ಬೆಂಗಳೂರಿನ ಲವೆಲ್ ರಸ್ತೆಯು ಇವನ ಹೆಸರನ್ನೇ ಹೊತ್ತಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದರು. ಕೆಲವು ವರ್ಷಗಳ ನಷ್ಟದ ತರುವಾಯ ಮೈಸೂರು ಗಣಿಯಲ್ಲಿ ಸಮೃದ್ಧವಾದ ಚಿನ್ನದ ಪದರವು ಸಿಕ್ಕಿತು.

ಇದೇ ಸಮಯದಲ್ಲಿ ನಮ್ಮ ಸೀಮೆಗೆ ನೈಋತ್ಯದಲ್ಲಿರುವ ವೈನಾಡಿನಲ್ಲಿಯೂ ಚಿನ್ನದ ಗದ್ದಲವೆದ್ದಿತು. ವಿಕ್ಟೋರಿಯ ಪ್ರಾಂತದಲ್ಲಿ ಗಣಿಗಳ ಕಾರ್ಯದರ್ಶಿಯಾಗಿದ್ದ ಬ್ರೋ ಸ್ಮಿತ್ ಎಂಬವನನ್ನು 1879ರಲ್ಲಿ ಕರೆಸಿ ವರದಿ ಬರೆಯಿಸಿದರು. ದೇವಾಲ, ಪಂದಲೂರುಗಳ ಕಾಡಿನಲ್ಲಿ ಚಿನ್ನ ತೆಗೆಯುವೆವೆಂದು ಎರಡು ಮೂರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಹುಟ್ಟಿದಷ್ಟೇ ಬೇಗನೆ ಮುಳುಗಿಯೂ ಹೋದವು. ಷೇರು ಕೊಂಡು ಹಣ ಕಳೆದುಕೊಂಡವರ ಅಳಲು ಪತ್ರಿಕೆಗಳಲ್ಲಿ ಅಚ್ಚಾಯಿತು. ಕಾಡು ಕಡಿದ, ಬಂಡೆ ಒಡೆದ, ಮಲೆಜ್ವರದಲ್ಲಿ ನರಳಿದ ಕೂಲಿಗಳ ಅಳಲನ್ನು ಯಾರು ಅಚ್ಚುಹಾಕಿಸಿಯಾರು?

ಕೋಲಾರದ ಗಣಿಗಳಾದರೋ ಬೆಳೆದವು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಇವರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದವರು. ಹುಟ್ಟಿದೂರಿನಲ್ಲಿ ಅಸ್ಪೃಶ್ಯರೆನಿಸಿಕೊಂಡು, ಒಡೆಯನ ಹೊಲದಲ್ಲಿ ಕಾಳಿಗಾಗಿ ಜೀತ ಮಾಡಿದ್ದವರು. ಗಣಿಯಲ್ಲಿ ಕೂಲಿಯು ನಗದು ರೂಪದಲ್ಲಿ ಕೈಗೆ ಬರುತ್ತಿತ್ತು. ಆದುದರಿಂದ ಅವರಿಗೆ ಆ ಕತ್ತಲೆಯ ಬಾವಿಯು ಒಂದು ಬಗೆಯ ಬಿಡುಗಡೆಯೂ ಆಗಿದ್ದಿತೆಂಬುದನ್ನು ನಾವು ಮರೆಯಲಾಗದು. ಆದರೆ ಆ ಬಿಡುಗಡೆಗೆ ಕೊಟ್ಟ ಬೆಲೆಯು ಸಾಮಾನ್ಯವಲ್ಲ. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕುಳಿತು ಹಲವರು ಕೆಮ್ಮಿ ಕೆಮ್ಮಿ ಸವೆದರು. ನೆಲದಾಳದ ಒತ್ತಡಕ್ಕೆ ಬಂಡೆಗಳು ಫಿರಂಗಿಯಂತೆ ಸಿಡಿದು ಹಲವರನ್ನು ಹೂಳಿಬಿಟ್ಟವು. ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದ ಆ ಗಣಿಗಳಿಂದ ಒಟ್ಟು ಸುಮಾರು 800 ಟನ್ನು ಚಿನ್ನ ಹೊರಬಂದಿತು. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು.

ಕೊಳ್ಳೇಗಾಲದವರಿಗೆ ಆ ಗಣಿಯೊಡನೆ ಇನ್ನೊಂದು ನಂಟೂ ಉಂಟು. ನಮ್ಮ ತಾಲ್ಲೂಕಿನ ಅಂಚಿನಲ್ಲಿ ಕಾವೇರಿಯು ಶಿವನಸಮುದ್ರದ ಬಳಿ ಕವಲಾಗಿ ಧುಮುಕುವುದನ್ನು ನೋಡದವರಾರು? ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಅಲ್ಲಿ ವಿದ್ಯುತ್ತನ್ನು ಉತ್ಪತ್ತಿಮಾಡುವ ಏರ್ಪಾಡು ಆರಂಭವಾಯಿತು. 1902ರ ಜೂನಿನಲ್ಲಿ 92 ಮೈಲಿಗಳ ದೂರ ತಂತಿಯ ಮೇಲೆ ಹರಿದು ಆ ಶಕ್ತಿಯು ಕೋಲಾರದ ಗಣಿಗಳನ್ನು ಮುಟ್ಟಿತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಗಣಿಗೆ ಅದಕ್ಕಿಂತ ಮೂರು ವರ್ಷ ಮೊದಲೇ. ನಮ್ಮ ಮನೆಯಿಂದ ಹೋದವರು ಹೊರಟದ್ದು “ಹೊಳೆಯಿಂದ ತಂತಿ ಎಳೆಯುತ್ತಿದ್ದಾಗ” ಎಂದು ನಮ್ಮ ತಂದೆಯವರು ಒಮ್ಮೆ ಹೇಳಿದ್ದುಂಟು. ಇಸವಿಯನ್ನು ಬರೆದಿಡದ ಮನೆಗೆ ಆ ತಂತಿಯೇ ಪಂಚಾಂಗವಾಯಿತು.

ಕರಿನೀರಿನ ಕತೆ

ಇನ್ನು ನೆರೆಮನೆಯ ಎಲೆಯ ವಿಷಯ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲವು ಕುಂಪಣಿ ಸರ್ಕಾರದ ಪಾಲಿಗೆ ಬಿದ್ದು, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಆ ಆಧಿಪತ್ಯದಲ್ಲಿ ಘೋರವಾದ ಅಪರಾಧಗಳಿಗೆ ಮರಣದಂಡನೆಯಿಂದ ಒಂದು ಮೆಟ್ಟಿಲು ಕೆಳಗಿನ ಶಿಕ್ಷೆಯೆಂದರೆ ದ್ವೀಪಾಂತರ. 1802ರಲ್ಲಿ ದಕ್ಷಿಣದ ಪಾಳೆಯಗಾರರ ಕಡೆಯ 73 ಮಂದಿಯನ್ನು ತೂತ್ತುಕುಡಿಯಿಂದ ಹಡಗಿನಲ್ಲಿ ಪಿನಾಂಗಿಗೆ ಸಾಗಿಸಿದರು. 1825ರ ಏಪ್ರಿಲಿನಲ್ಲಿ ಸಿಂಗಪುರದ ದಡಕ್ಕೆ ಇಳಿದ ಮೊದಲ ಖೈದಿಗಳ ತಂಡದಲ್ಲಿ ಇದ್ದವರು ಮದರಾಸಿನ ಕಡೆಯ 80 ಮಂದಿ. 1858ರ ಮಾರ್ಚಿಯಲ್ಲಿ ಅಂಡಮಾನಿನ ಬಂದೀವಸತಿ ಆರಂಭವಾಯಿತು; ಅಲ್ಲಿಂದ ಎಂಟು ದಶಕಗಳಲ್ಲಿ ಸುಮಾರು 80,000 ಜನ ಆ ದ್ವೀಪಗಳಿಗೆ ಹೋದರು.

ಇವರೆಲ್ಲರೂ ಕ್ರೂರಿಗಳಾಗಿದ್ದರೆಂದು ಭಾವಿಸುವುದು ನ್ಯಾಯವಲ್ಲ. 1860ರ ದಂಡಸಂಹಿತೆಯ ಪ್ರಕಾರ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ ಬಲಾತ್ಕಾರದಿಂದ ಕಸಿದುಕೊಂಡರೆ ಅದು ದರೋಡೆ. ಅದಕ್ಕೆ ಜೀವಾವಧಿ ದ್ವೀಪಾಂತರವನ್ನು ವಿಧಿಸಬಹುದಾಗಿತ್ತು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು, ಎಂದರೆ 1876ರಿಂದ 1878ರವರೆಗಿನ ಬರವನ್ನು, ನೆನೆಯಿರಿ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ಕೊಯಮತ್ತೂರು ಜಿಲ್ಲೆಯೂ ಬಳಲಿತು. ಹಸಿದ ಐವರು ಒಂದು ಧಾನ್ಯದ ಬಂಡಿಯನ್ನು ತಡೆದು ಲೂಟಿಮಾಡಿದರೆ ಕಾನೂನಿನ ಕಣ್ಣಿಗೆ ಅವರು ದರೋಡೆಕಾರರೇ. ಆ ಶಿಕ್ಷೆಯ ಹೆಸರು ನಮ್ಮ ದಂಡಸಂಹಿತೆಯಿಂದ ಅಳಿಸಿಹೋದುದು ಸ್ವಾತಂತ್ರ್ಯದ ನಂತರ, 1955ರ ತಿದ್ದುಪಡಿಯಿಂದ.

ಹೋದವರು ಏನು ಮಾಡಿದರು? ಸಿಂಗಪುರದಲ್ಲಿ 1862ರಲ್ಲಿ ಪ್ರತಿಷ್ಠೆಯಾದ ಸಂತ ಆಂಡ್ರೂ ಇಗರ್ಜಿಯನ್ನು ಕಟ್ಟಿದವರು ನಮ್ಮ ದೇಶದ ಖೈದಿಗಳು. ಅದರ ಗೋಡೆಗಳಿಗೆ ಬಳಿದುದು ಮದರಾಸಿನ ಗಾರೆ: ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಒರಟು ಸಕ್ಕರೆಯನ್ನೂ ಕೂಡಿಸಿ, ತೆಂಗಿನ ನಾರನ್ನು ನೆನೆಸಿದ ನೀರಿನಲ್ಲಿ ಕಲಸಿ, ಒಣಗಿದ ಮೇಲೆ ಸ್ಫಟಿಕದ ಕಲ್ಲಿನಿಂದ ಉಜ್ಜಿ ಹೊಳಪು ತಂದ ಗಾರೆ. ರಸ್ತೆ, ಸೇತುವೆ, ಕಾಲುವೆಗಳೂ ಅವರ ಕೈಕೆಲಸವೇ. 1873ರಲ್ಲಿ ಅಲ್ಲಿನ ಖೈದಿಗಳ ವ್ಯವಸ್ಥೆಯನ್ನು ಮುಚ್ಚಿದಾಗ ಅನೇಕರು ಅಲ್ಲಿಯೇ ನಿಂತು ಒಕ್ಕಲಾದರು. ಅಂಡಮಾನಿನಲ್ಲಿಯೂ ಹಲವು ವರ್ಷ ಕಠಿಣವಾಗಿ ದುಡಿದವರಿಗೆ ಸ್ವಲ್ಪ ಭೂಮಿಯನ್ನು ಕೊಟ್ಟು, ಅಲ್ಲಿನ ಬಂದಿ ಸ್ತ್ರೀಯರನ್ನು ಮದುವೆಯಾಗಲು ಅನುಮತಿ ಕೊಡುತ್ತಿದ್ದರು. ಅವರ ಸಂತತಿಯವರು ಇಂದಿಗೂ ಆ ದ್ವೀಪಗಳಲ್ಲಿ ಬಾಳುತ್ತಿದ್ದಾರೆ. ಊರಿನಲ್ಲಿ ಸತ್ತನೆಂದು ಎಡೆ ಇಟ್ಟವನಿಗೆ ಕಡಲಿನಾಚೆ ಮಕ್ಕಳು ಮೊಮ್ಮಕ್ಕಳು ಇದ್ದಿರಬಹುದೆಂಬುದನ್ನು ನೆನೆದರೆ ಮೈ ಜುಮ್ಮೆನ್ನುವುದಿಲ್ಲವೆ?

ಮೈಯ ಮೇಲಿನ ಗುರುತು

ಗಣಿಗೆ ಹೋದವನಿಗೂ ದ್ವೀಪಕ್ಕೆ ಹೋದವನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಒಬ್ಬನು ಕೂಲಿಗಾಗಿ ತಾನಾಗಿ ಹೋದವನು, ಇನ್ನೊಬ್ಬನು ಸಂಕೋಲೆಯಲ್ಲಿ ಹೋದವನು, ಅದು ನಿಜ. ಆದರೆ ಸರ್ಕಾರದ ಪುಸ್ತಕದಲ್ಲಿ ಇಬ್ಬರೂ ಒಂದೇ ಬಗೆಯಾಗಿ ಕಾಣಿಸಿಕೊಳ್ಳುತ್ತಾರೆ. ಹಿಂದೆ ಜೀವಾವಧಿ ಖೈದಿಯ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಾಗಿ ಚುಚ್ಚುತ್ತಿದ್ದರು. ಆ ಪದ್ಧತಿಯು 1849ರಲ್ಲಿ ನಿಂತಿತು. ಅಂಡಮಾನಿನಲ್ಲಿ ಕೊರಳಿಗೆ ಮರದ ಬಿಲ್ಲೆಯನ್ನು ಕಟ್ಟಿ, ಅದರ ಮೇಲೆ ಅವನ ಅಂಕೆ, ಶಿಕ್ಷೆಯಾದ ಕಾಯಿದೆಯ ಕಲಮು, ಶಿಕ್ಷೆಯ ತಾರೀಖುಗಳನ್ನು ಕೆತ್ತುತ್ತಿದ್ದರು.

ಗಣಿಯಲ್ಲಿಯೂ ಚಿನ್ನದ ಕಳವಿನ ಭಯದಿಂದ ಪಾಳಿ ಮುಗಿಸಿ ಮೇಲಕ್ಕೆ ಬಂದವರ ಮೈಯನ್ನು ತಡಕಿ ನೋಡುತ್ತಿದ್ದರು. ಚಿನ್ನ ಬೆರೆತ ಕಲ್ಲಿನ ಚೂರು ಒಬ್ಬನ ಬಳಿ ಸಿಕ್ಕಿದರೆ ಅದೇ ಅಪರಾಧ. ಗಣಿಯ ಕೂಲಿಯು ಸೆರೆಮನೆಯ ಖೈದಿಯಾಗಲು ಅಷ್ಟೇ ಸಾಕು. 1930ರಲ್ಲಿ ಎಲ್ಲ ಕೆಲಸಗಾರರ ಬೆರಳಚ್ಚನ್ನು ತೆಗೆದು ದಾಖಲೆ ಮಾಡಬೇಕೆಂದು ಕಂಪನಿಯವರು ಹೊರಟಾಗ, “ನಾವು ಕಳ್ಳರಲ್ಲ” ಎಂಬ ಭಾವನೆಯಿಂದ ಕೆಲಸಗಾರರು ಸಾವಿರಗಟ್ಟಲೆ ಕೆಲಸ ನಿಲ್ಲಿಸಿದರು. ಬೆರಳಿನ ಗುರುತು ಎಂಬುದು ಖೈದಿಯ ಗುರುತೆಂದು ಆ ಅಕ್ಷರವರಿಯದ ಜನರಿಗೂ ತಿಳಿದಿತ್ತು.

ಹೀಗೆ ದಫ್ತರುಗಳಲ್ಲಿ ಅಂಕೆ ಉಂಟು, ಮಚ್ಚೆ ಉಂಟು, ಕಲಮು ಉಂಟು, ಮನುಷ್ಯನಿಲ್ಲ. ಆದರೆ ಅದೇ ಸರ್ಕಾರಕ್ಕೆ ಹೆಸರನ್ನು ಕಾಯುವುದು ತಿಳಿಯದ ವಿದ್ಯೆಯೇನಲ್ಲ. ಮದರಾಸು ಆಧಿಪತ್ಯದಲ್ಲಿದ್ದ ಯುರೋಪಿಯನ್ನರ ಗೋರಿಗಳ ಮೇಲಿನ ಬರಹಗಳನ್ನು ಕೂಡಿಸಿ ಕಾಟನ್ ಎಂಬ ಅಧಿಕಾರಿಯು ಸಿದ್ಧಪಡಿಸಿದ ದೊಡ್ಡ ಪುಸ್ತಕವು 1905ರಲ್ಲಿ ಅಚ್ಚಾಯಿತು. ನಮ್ಮ ಕೂಲಿಗಳ ಗೋರಿಗೆ ಬರಹವೂ ಇರಲಿಲ್ಲ, ಪುಸ್ತಕವೂ ಆಗಲಿಲ್ಲ. ಅವರ ಪುಸ್ತಕವೇನಾದರೂ ಇದ್ದರೆ ಅದು ನಮ್ಮ ನಮ್ಮ ಮನೆಗಳಲ್ಲಿ, ಮುದುಕರ ನೆನಪಿನಲ್ಲಿ ಮಾತ್ರ ಇದೆ.

ಹುಡುಕುವ ಬಗೆ

ಆದುದರಿಂದ ಹುಡುಕುವವರು ಎರಡು ಅರ್ಧಗಳನ್ನು ಕೂಡಿಸಬೇಕು: ಒಂದು ದಫ್ತರಿನದು, ಒಂದು ಮನೆಯದು.

ದಫ್ತರಿನ ವಿಷಯದಲ್ಲಿ ಮೊದಲು ತಿಳಿಯಬೇಕಾದುದು ಎಲ್ಲೆಯ ಕತೆ. ಕೊಳ್ಳೇಗಾಲವು ಅಂದು ತನ್ನೊಳಗೇ ಇದ್ದ ಹನೂರಿನೊಡನೆ 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಇಲ್ಲಿಯ ಹಳೆಯ ನ್ಯಾಯ ಮತ್ತು ಕಂದಾಯದ ಕಾಗದಗಳನ್ನು ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ ಅರಸಬೇಕು. ಕೆಲವೇ ಮೈಲಿ ದೂರದ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಮೈಸೂರು ಸೀಮೆ. ಅಲ್ಲಿಯವರು ಬೆಂಗಳೂರಿನ ರಾಜ್ಯ ಪತ್ರಾಗಾರದ ಬಾಗಿಲನ್ನು ತಟ್ಟಬೇಕು. ಹೆಣ್ಣು ಕೊಟ್ಟು ತಂದ ಎರಡು ಮನೆಗಳ ಕಾಗದಗಳು ಎರಡು ರಾಜಧಾನಿಗಳಲ್ಲಿವೆ! ಅಂಡಮಾನಿಗೆ ಸಂಬಂಧಿಸಿದ ಸರ್ಕಾರದ ಪತ್ರವ್ಯವಹಾರವು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಗಣಿಯ ಊರುಗಳಲ್ಲಿ ಕ್ರೈಸ್ತರಾದವರಿಗೆ ಇಗರ್ಜಿಗಳ ಜನನ ಮರಣದ ಪುಸ್ತಕಗಳು ನೆರವಾಗಬಹುದು.

ಎರಡನೆಯದು ಹೆಸರಿನ ತೊಡಕು. ಆಗಿನ ಇಂಗ್ಲಿಷ್ ಕಾಗದಗಳಲ್ಲಿ ನಮ್ಮ ಊರಿನ ಹೆಸರನ್ನೇ ಮೊದಲ ಅಕ್ಷರ ಬದಲಿಸಿ, ‘ಸಿ’ ಎಂಬ ಇಂಗ್ಲಿಷ್ ಅಕ್ಷರದಿಂದ, ಬೇರೆ ಬಗೆಯಾಗಿ ಬರೆಯುತ್ತಿದ್ದರು. ಹೀಗಿರುವಾಗ ಕನ್ನಡದ ಮಾದ, ಸಿದ್ದ, ರಂಗ ಎಂಬ ಹೆಸರುಗಳು ತಮಿಳು ಗುಮಾಸ್ತನ ಕಿವಿಯಿಂದ ಇಂಗ್ಲಿಷ್ ಲೇಖನಿಗೆ ಇಳಿಯುವಾಗ ಏನೇನು ವೇಷ ಹಾಕಿದವೋ! ಆದುದರಿಂದ ಹೆಸರೊಂದನ್ನೇ ನಂಬಬಾರದು. ಖೈದಿಗಳ ಪಟ್ಟಿಯಲ್ಲಿ ತಂದೆಯ ಹೆಸರು, ಜಾತಿ, ಜಿಲ್ಲೆ, ಮೈಮೇಲಿನ ಮಚ್ಚೆ ಗಾಯಗಳ ವಿವರಗಳನ್ನು ಬರೆಯುತ್ತಿದ್ದುದುಂಟು. ‘ಎಡಗೆನ್ನೆಯ ಮೇಲೆ ಸುಟ್ಟ ಕಲೆ ಇತ್ತಂತೆ’ ಎಂದು ಮುದುಕಿಯೊಬ್ಬಳು ಹೇಳುವ ಮಾತು ಅಲ್ಲಿ ಬೀಗದ ಕೈಯಾದೀತು.

ಮೂರನೆಯದು ಕಾಲ. ಇಸವಿ ಕೇಳಿದರೆ ಯಾರೂ ಹೇಳಲಾರರು. “ಬರದ ಮುಂಚೆಯೋ ಆಮೇಲೆಯೋ? ತಂತಿ ಎಳೆಯುವ ಮೊದಲೋ ಅನಂತರವೋ? ಯಾವ ಮಗು ಹುಟ್ಟಿದ ವರ್ಷ?” ಎಂದು ಕೇಳಬೇಕು.

ನಾಲ್ಕನೆಯದೇ ಮುಖ್ಯವಾದುದು, ಅದನ್ನು ನಾನು ಬಹಳ ತಡವಾಗಿ ಕಲಿತೆನು. ನಮ್ಮ ಹೋದವರ ಹೆಸರಿಗಾಗಿ ನಾನು ದಫ್ತರುಗಳಲ್ಲಿ ಎಷ್ಟೋ ದಿನಗಳನ್ನು ಕಳೆದೆನು. ಧೂಳನ್ನು ಬಿಟ್ಟು ಬೇರೇನೂ ಸಿಕ್ಕಲಿಲ್ಲ. ಕಡೆಗೆ ಹನೂರಿನ ಕಡೆ ಕೊಟ್ಟಿದ್ದ, ತೊಂಬತ್ತು ದಾಟಿದ ನಮ್ಮ ಸೋದರತ್ತೆಯವರನ್ನು ನೋಡಲು ಹೋದಾಗ, ಬಿಸಿಲಿಗೆ ಜಗಲಿಯ ಮೇಲೆ ಕುಳಿತಿದ್ದ ಅವರನ್ನು ಕೇಳಿದೆನು: “ಅತ್ತೆ, ಚಿನ್ನದ ಗಣಿಗೆ ಹೋದವರ ಹೆಸರು ನಿಮಗೇನಾದರೂ ಗೊತ್ತೇ?” ಅವರು ಎಲೆಯಡಿಕೆಯನ್ನು ಬಾಯಿಗೆ ಹಾಕಿಕೊಂಡು, ನಿನ್ನೆ ಮೊನ್ನೆ ಕಂಡವರ ಹೆಸರನ್ನು ಹೇಳುವಂತೆ ಆ ಹೆಸರನ್ನು ಹೇಳಿಬಿಟ್ಟರು. “ನಮ್ಮ ತಾತನ ತಮ್ಮ ಕಣಪ್ಪಾ. ಮದುವೆಯಾಗಿರಲಿಲ್ಲ. ಎರಡು ಸಲ ದುಡ್ಡು ಕಳಿಸಿದ್ದನಂತೆ, ಆಮೇಲೆ ಇಲ್ಲ.” ನಾನು ಬೆರಗಾಗಿ, “ಇದನ್ನು ಅಜ್ಜಿ ನಮಗೆ ಏಕೆ ಹೇಳಲಿಲ್ಲ?” ಎಂದೆನು. ಅತ್ತೆ ನಕ್ಕರು: “ಅವ್ವ ಹೇಗೆ ಹೇಳಿಯಾಳು? ಅವಳು ಈ ಮನೆಯ ಸೊಸೆಯಲ್ಲವೆ? ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡಬಹುದೆ? ನಾನು ಮನೆಮಗಳು, ನನ್ನನ್ನು ನೀವು ಯಾರೂ ಕೇಳಲಿಲ್ಲ.”

ನೋಡಿದಿರಾ, ವಾಚಕರೇ! ಅಜ್ಜಿಯ ಮೌನವನ್ನು ನಾನು ಮರೆವೆಂದೋ ನಾಚಿಕೆಯೆಂದೋ ಎಣಿಸಿದ್ದೆನು. ಅದು ಗೌರವವಾಗಿತ್ತು. ಹೆಸರನ್ನು ಆಡಲಾರದ ಆ ಸೊಸೆಯು ವರ್ಷವರ್ಷವೂ ಒಂದು ಎಲೆಯನ್ನು ಹಾಕಿಸಿ ಆ ಹೆಸರನ್ನು ಕಾಪಾಡಿದ್ದಳು. ಆದಕಾರಣ ಇಂತಹ ಎಲೆ ಬೀಳುವ ಮನೆಯವರು ದಫ್ತರಿಗೆ ಹೋಗುವ ಮೊದಲು, ಹೊರಗೆ ಕೊಟ್ಟ ಹೆಣ್ಣುಮಕ್ಕಳಲ್ಲಿ ಹಿರಿಯರಾದವರನ್ನು ಹೋಗಿ ಕಾಣಲಿ. ಕಾಗದವು ಇನ್ನೂ ಕೆಲವು ಕಾಲ ಕಾದೀತು, ಮುದುಕರು ಕಾಯಲಾರರು. ‘ನೀರು ದಾಟಿದವರ’ ಮನೆಯವರೂ ನಾಚದೆ ಕೇಳಲಿ. ಶಿಕ್ಷೆಯನ್ನು ಅವರು ಅಂದೇ ಅನುಭವಿಸಿ ತೀರಿಸಿದರು. ಹೆಸರಿಲ್ಲದಿರುವ ಶಿಕ್ಷೆಯನ್ನು ಮನೆಯವರಾದ ನಾವು ಮುಂದುವರಿಸುವುದು ಬೇಡ.

ನಮ್ಮವರು ಯಾವ ಗಣಿಯಲ್ಲಿ ದುಡಿದರು, ಯಾವ ಮಣ್ಣಿನಲ್ಲಿ ಮಲಗಿದರು ಎಂಬುದು ನನಗೆ ಇನ್ನೂ ದೊರೆತಿಲ್ಲ. ಹುಡುಕುವುದನ್ನು ಬಿಟ್ಟೂ ಇಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಳೆದ ಮಹಾಲಯ ಅಮಾವಾಸ್ಯೆಯ ದಿನ, ಕಡೆಯ ಎಲೆಯ ಮುಂದೆ ಧೂಪ ಹಾಕುವಾಗ, ಅದನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದೆವು.